ಹತ್ತಿದಾರದ ಬಾಗಿಲು

ಬಂದರಿನ ತಪಾಸಣಾಧಿಕಾರಿಗಳಿಗೆ ಏಡಿಬುಟ್ಟಿ ಹೆಣೆಯುವ ಮುದುಕನ ವಂದನೆಗಳು.

ನನ್ನ ಶಿಷ್ಯೆಯ ಹನ್ನೆರಡು ಬುಟ್ಟಿಗಳನ್ನು ತಾವು ನಿನ್ನೆ ವಶಪಡಿಸಿಕೊಂಡಿರಿ. ಏಡಿ ಹೊರತೆಗೆಯಲು ಬುಟ್ಟಿಯ ಪಕ್ಕದಲ್ಲಿರುವ ಕಿರುಬಾಗಿಲನ್ನು ನೈಲಾನ್ ಬದಲು ಹತ್ತಿದಾರದಿಂದ ಕಟ್ಟಿರುವುದು ಕಳಪೆ ಕೆಲಸವೆಂದು ಚೀಟಿಯಲ್ಲಿ ಬರೆದಿದ್ದೀರಿ. ಅದು ಕಳಪೆಯಲ್ಲ, ಬೇಕೆಂದೇ ಮಾಡಿದ್ದು.

ಏಡಿಬುಟ್ಟಿಯ ಬಾಯಿ ಆಲಿಕೆಯಂತಿರುತ್ತದೆ. ಒಳಹೋಗುವುದು ಸುಲಭ, ಹೊರಬರುವ ದಾರಿ ಸಿಗುವುದಿಲ್ಲ. ಕಳೆದ ವರ್ಷ ಅವಳ ಲಂಗರಿಗೆ ಸಿಕ್ಕಿ ಹಳೆಯ ಬುಟ್ಟಿಯೊಂದು ಮೇಲೆ ಬಂತು. ಹಗ್ಗ ಹರಿದು ಮೂರು ವರ್ಷ ಅದು ಕಡಲ ತಳದಲ್ಲಿತ್ತು. ಒಳಗೆ ಸತ್ತ ಏಡಿಗಳ ಚಿಪ್ಪಿನ ರಾಶಿ, ಅವುಗಳನ್ನು ತಿನ್ನಲು ಬಂದು ಸಿಕ್ಕಿಬಿದ್ದ ಜೀವಂತ ಏಡಿಗಳು. ಬಾಗಿಲಿನ ನೈಲಾನ್ ಗಂಟು ಮಾತ್ರ ನಿನ್ನೆ ಹಾಕಿದಂತಿತ್ತು. ಆ ಗಂಟು ನನ್ನದು.

"ಮೇಷ್ಟ್ರೇ, ಕಳೆದುಹೋದ ಬುಟ್ಟಿಗೆ ಇನ್ನು ಸಾಕು ಅಂತ ಯಾರು ಹೇಳ್ತಾರೆ?" ಎಂದಳು.

ಐವತ್ತು ವರ್ಷ ನನಗೆ ಹೊಳೆಯದ ಉತ್ತರ ಅವಳಿಗೆ ಒಂದೇ ವಾರದಲ್ಲಿ ಹೊಳೆಯಿತು. ಬಳಸುವ ಬುಟ್ಟಿಯ ಹತ್ತಿದಾರವನ್ನು ಅವಳು ತಿಂಗಳಿಗೊಮ್ಮೆ ಬದಲಿಸುತ್ತಾಳೆ. ಕಳೆದುಹೋದದ್ದರಲ್ಲಿ ಅದು ತಾನೇ ಕೊಳೆತು ಬಾಗಿಲು ತೆರೆಯುತ್ತದೆ.

ನೈಲಾನ್ ಕಟ್ಟಿದರೆ ಬುಟ್ಟಿಗಳನ್ನು ಮರಳಿಸುತ್ತೇನೆ ಎಂದಿರಂತೆ. ಅವಳು ಕಟ್ಟುವುದಿಲ್ಲ. ಕಟ್ಟೆಂದು ನಾನೂ ಹೇಳುವುದಿಲ್ಲ. ಸೋಮವಾರ ಹಂಗಾಮು ಆರಂಭ. ಅಷ್ಟರೊಳಗೆ ಅವುಗಳನ್ನು ಇದ್ದ ಹಾಗೆಯೇ ಮರಳಿಸಬೇಕೆಂದು ಕೋರುತ್ತೇನೆ.

ಇಲ್ಲವಾದರೆ ದೊಡ್ಡ ಗಾಡಿಯನ್ನೇ ತನ್ನಿ. ನನ್ನ ನಲವತ್ತು ಬುಟ್ಟಿಗಳ ನೈಲಾನನ್ನೂ ಇಂದು ಬೆಳಿಗ್ಗೆ ಕತ್ತರಿಸಿದ್ದೇನೆ. ಹತ್ತಿದಾರದ ಗಂಟನ್ನು ಅವಳೇ ಪಕ್ಕದಲ್ಲಿ ಕೂತು ಕಲಿಸಿದಳು.

"ಕೈ ಇನ್ನೂ ಹಳೇ ಚಾಳಿ ಬಿಟ್ಟಿಲ್ಲ ಮೇಷ್ಟ್ರೇ, ಬಿಚ್ಚಿ ಮತ್ತೆ ಹಾಕಿ."

ಮತ್ತೆ ಹಾಕಿದೆ.

ಇಂತಿ,
ಆ ನೈಲಾನ್ ಗಂಟು ಹಾಕಿದವನು