ಮಾವಿನಹಣ್ಣಿನ ಹೊಗೆ

ನಾಗಸಂದ್ರ, ಬೆಂಗಳೂರು
೧ ಡಿಸೆಂಬರ್ ೨೦೧೯, ಭಾನುವಾರ

ಪ್ರೀತಿಯ ಬಸಮ್ಮಕ್ಕನಿಗೆ,

ನಿನ್ನ ತಂಗಿ ಶೈಲಶ್ರೀಯ ಶರಣು. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನೆ, ಬೈಯಬೇಡ. ಫೋನ್ ಮಾಡೋಣವೆಂದರೆ ನಿನಗೆ ಅರ್ಧ ಕೇಳಿಸುತ್ತದೆ, ಇನ್ನರ್ಧ ನೀನೇ ಊಹಿಸಿಕೊಂಡು ಇಡೀ ರಾಣೆಬೆನ್ನೂರಿಗೆ ಹೇಳಿಬರುತ್ತೀ. ಬರೆದೇ ಹೇಳಬೇಕು ಅಂತ ಎಷ್ಟೋ ಸಲ ಪೆನ್ನು ಹಿಡಿದೆ. ಮನೆಯಲ್ಲಿ ಏನಾದರೊಂದು ಆಗಿ ಎದ್ದುಬಿಡುತ್ತಿದ್ದೆ.

ನೀನು ಕಳಿಸಿದ ಶೇಂಗಾ ಚಟ್ನಿಪುಡಿ ಮುಟ್ಟಿತು, ಮುಟ್ಟಿದ ವಾರಕ್ಕೇ ಮುಗಿಯಿತು. ಇವರು ರೊಟ್ಟಿಗೆ, ಅನ್ನಕ್ಕೆ, ಕೊನೆಗೆ ಬ್ರೆಡ್ಡಿಗೂ ಹಚ್ಚಿಕೊಂಡು ತಿಂದರು. ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ ಕಡಿಮೆಯಾಗಿದೆ. ಕಾರಿನ ಬಿಡಿಭಾಗಗಳಿಗೆ ಆರ್ಡರ್ ಇಲ್ಲವೆಂದು ಇವರ ಟೂಲ್ ರೂಮನ್ನು ಶನಿವಾರ ಮುಚ್ಚುತ್ತಿದ್ದಾರೆ. ಮಗಳು ಐಶ್ವರ್ಯಾ ಈಗ ಸೆಕೆಂಡ್ ಪಿಯುಸಿ. ಮೆಟ್ರೊದಲ್ಲಿ ಕಾಲೇಜಿಗೆ ಹೋಗಿಬರುತ್ತಾಳೆ. ಈಗ ನನಗಿಂತ ಎತ್ತರವಾಗಿದ್ದಾಳೆ, ನನ್ನ ಸೀರೆ ಉಟ್ಟರೆ ಹಿಮ್ಮಡಿ ಕಾಣುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ.

ಇವರ ಸಿಗರೇಟು ನಿನಗೆ ಗೊತ್ತೇ ಇದೆ. ನನ್ನ ಮದುವೆಯಾದ ಹೊಸದರಲ್ಲಿ ನೀನು ನಮ್ಮ ರಾಜಗೋಪಾಲನಗರದ ಬಾಡಿಗೆ ಮನೆಗೆ ಬಂದು, ಕಿಟಕಿ ಪರದೆ ಮೂಸಿ, "ಏನೇ ಇದು, ಗಂಡನ್ನ ಕಟ್ಟಿಕೊಂಡೆಯೋ ಒಲೆ ಕಟ್ಟಿಕೊಂಡೆಯೋ" ಅಂದಿದ್ದೆಯಲ್ಲ. ಆ ಒಲೆ ಎರಡು ವರ್ಷದ ಹಿಂದೆ ಆರಿತು. ಫ್ಯಾಕ್ಟರಿಯ ಗೆಳೆಯರೊಬ್ಬರ ಮಗ ವೈಟ್‌ಫೀಲ್ಡಿನ ಕಂಪನಿಯಲ್ಲಿದ್ದಾನೆ. ಅವನು ಇವರಿಗೆ ದಪ್ಪ ಪೆನ್ನಿನಂಥ ಒಂದು ಸಾಧನ ತಂದುಕೊಟ್ಟ. ವೇಪ್ ಅನ್ನುತ್ತಾರೆ. ಅದರೊಳಗೆ ನಿಕೋಟಿನ್ ಇರುವ ಲಿಕ್ವಿಡ್ ತುಂಬಿ ಎಳೆದರೆ ಬಿಸಿಯಾಗಿ ಆವಿ ಬರುತ್ತದೆ. ಬೆಂಕಿಯಿಲ್ಲ, ಬೂದಿಯಿಲ್ಲ. ಇವರು ಸಿಗರೇಟು ಮುಟ್ಟುವುದನ್ನೇ ಬಿಟ್ಟರು. ಅಕ್ಕಾ, ಇವರ ಪಕ್ಕ ಮಲಗಿ ನೆಮ್ಮದಿಯಾಗಿ ಉಸಿರಾಡಿದ್ದು ನಾನು ಆಗಲೇ. ಮನೆಯೆಲ್ಲ ಮಾವಿನಹಣ್ಣಿನ ವಾಸನೆ. ನಮ್ಮ ರಾಜ್ಯದಲ್ಲಿ ಅದನ್ನು ಮಾರುವುದಕ್ಕೆ ಮೊದಲೇ ನಿಷೇಧವಿತ್ತಂತೆ. ಆ ಹುಡುಗ ಎಲ್ಲಿಂದ ತರುತ್ತಿದ್ದನೋ, ನಾನು ಕೇಳಲಿಲ್ಲ. ಸಿಗರೇಟು ಹೋಯಿತಲ್ಲ, ಅಷ್ಟೇ ಸಾಕಿತ್ತು ನನಗೆ.

ಸೆಪ್ಟೆಂಬರಿನಲ್ಲಿ ದೆಹಲಿಯವರೂ ಸುಗ್ರೀವಾಜ್ಞೆ ತಂದು ಇಡೀ ದೇಶಕ್ಕೇ ಬ್ಯಾನ್ ಮಾಡಿದರು. ಇವರು ಟಿವಿಯ ಜೊತೆ ಜಗಳಕ್ಕೆ ನಿಂತರು. "ಸೇದಿದರೆ ಸಾಯ್ತೀರಿ ಅಂತ ಪ್ಯಾಕಿನ ಮೇಲೆ ಫೋಟೋ ಹಾಕಿ ಸಿಗರೇಟು ಮಾರ್ತಾರೆ. ಇದನ್ನ ಮಾತ್ರ ಮಾರಬಾರದಂತೆ!" ಊಟದ ಹೊತ್ತಿಗೆಲ್ಲ ಇದೇ ಮಾತು. ಐಶ್ವರ್ಯಾ ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ಓದಿನ ಚಿಂತೆ ಅಂದುಕೊಂಡೆ.

ರಾಜ್ಯೋತ್ಸವ ಕಳೆದು ಬಂದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಆವಲಪ್ಪನವರು ಕೆಳಗಿನ ಹಾಲಿನಲ್ಲಿ ಮೀಟಿಂಗ್ ಕರೆದರು. ಈ ಕಟ್ಟಡ ಎದ್ದಿರುವ ಜಾಗ ಒಂದು ಕಾಲಕ್ಕೆ ಅವರ ರಾಗಿ ಹೊಲ. ಹಾಗಾಗಿ ಎಲ್ಲರೂ ಅವರ ಮಾತಿಗೆ ತಗ್ಗಿ ನಡೆಯುತ್ತಾರೆ. ಟೇಬಲ್ಲಿನ ಮೇಲೆ ವೇಪಿಗೆ ತುಂಬುವ ಲಿಕ್ವಿಡ್ಡಿನ ಪುಟ್ಟ ಪುಟ್ಟ ಖಾಲಿ ಸೀಸೆಗಳನ್ನು ಸುರಿದರು.

"ನೋಡ್ರಪ್ಪಾ, ಟೆರೇಸಲ್ಲಿ ನೀರಿನ ಟ್ಯಾಂಕ್ ಅತ್ರ ಸಿಕ್ಕಿದ್ದು. ಗೌರ್ಮೆಂಟೇ ಬ್ಯಾನ್ ಮಾಡಿರೋ ಐಟಮ್ಮು. ನಾಳೆ ಪೊಲೀಸ್ನೋರು ಬಂದ್ರೆ ಎಂಗೆ? ಯಾರ ಮನೇಲಿದ್ರೂ ಬಿಸಾಕ್ಬಿಡಿ. ಇಲ್ದಿದ್ರೆ ನಾನೇ ಕಂಪ್ಲೇಂಟ್ ಕೊಡ್ತೀನಿ."

ಇವರು ಸುಮ್ಮನಿರಲಿ ಅಂತ ಮೊಣಕೈಯಿಂದ ತಿವಿದೆ. ಎದ್ದೇಬಿಟ್ಟರು.

"ನಮ್ಮ ಮನೇಲಿದೆ ಆವಲಪ್ಪನೋರೇ. ಈ ಸೀಸೆ ನಾನು ಎಸೆದದ್ದಲ್ಲ, ಆದರೆ ನಮ್ಮ ಮನೇಲಿದೆ, ಸುಳ್ಳು ಯಾಕೆ ಹೇಳಲಿ? ಹರೆಯದಲ್ಲೇ ಹತ್ತಿದ ಸಿಗರೇಟನ್ನ ನಾನು ಬಿಟ್ಟಿದ್ದು ಇದರಿಂದ. ಗೇಟಿನಾಚೆ ಅಂಗಡೀಲಿ ಸಿಗರೇಟು ಬೇಕಾದಷ್ಟು ಸಿಗುತ್ತೆ, ಅದಕ್ಕೆ ಬ್ಯಾನ್ ಇಲ್ಲ. ಅದರಿಂದ ಪಾರಾಗೋಕೆ ಒದ್ದಾಡ್ತಿರೋನ ಕೈಯಲ್ಲಿರೋದನ್ನ ಕಿತ್ಕೋತಾರೆ. ಇದ್ಯಾವ ನ್ಯಾಯ ಹೇಳ್ರಿ?"

ಒಂದಿಬ್ಬರು ಹೌದು ಹೌದು ಅಂದರು. ಆಗ ನಮ್ಮ ಕೆಳಮನೆಯ ಭದ್ರಮ್ಮ ಮಾತೆತ್ತಿದರು. ಸರ್ಕಾರಿ ಹೈಸ್ಕೂಲಿನ ಹೆಡ್‌ಮಿಸ್ ಆಗಿ ರಿಟೈರ್ ಆದವರು. ಕೂತಲ್ಲಿಂದಲೇ ಮೆಲ್ಲಗೆ ಕೇಳಿದರು.

"ಈರೇಶ್ ಅವರೇ, ನಿಮ್ಮ ಕಷ್ಟ ಅರ್ಥವಾಗುತ್ತೆ. ಆದರೆ ಸಿಗರೇಟು ಬಿಡಿಸೋ ಔಷಧಿಗೆ ಮಾವಿನಹಣ್ಣಿನ ಘಮ ಯಾಕೆ ಬೇಕು? ಬಬಲ್‌ಗಮ್ ರುಚಿ ಯಾಕೆ? ಅದನ್ನ ಮಾಡೋನ ಕಣ್ಣು ನಿಮ್ಮ ಮೇಲಿಲ್ಲ. ಮಕ್ಕಳ ಮೇಲಿದೆ."

"ಮಕ್ಕಳಿಗೆ ಮಾರಬೇಡಿ ಅಂತ ಕಾನೂನು ಮಾಡಲಿ ಮೇಡಂ. ಡಾಕ್ಟರ ಚೀಟಿ ನೋಡಿ ಕೊಡಲಿ."

"ಮಕ್ಕಳಿಗೆ ಸಿಗರೇಟು ಮಾರಬಾರದು ಅಂತಲೂ ಕಾನೂನಿದೆ. ಶಾಲೆ ಪಕ್ಕದ ಅಂಗಡಿಯವನ ಜೊತೆ ನಾನು ಜಗಳಾಡದ ವರ್ಷವಿಲ್ಲ. ಹತ್ತಿದ ಮೇಲೆ ಬಿಡಿಸೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ಲ. ಹತ್ತದ ಹಾಗೆ ನೋಡಿಕೊಳ್ಳೋದು ವಾಸಿ ಅಲ್ವಾ?"

ಇವರಿಗೆ ಸಿಟ್ಟು ಬಂತು. ಹಿಂದಿನ ಸಾಲಿನಲ್ಲಿದ್ದ ಐಶ್ವರ್ಯಾಳತ್ತ ಕೈ ತೋರಿಸಿದರು. "ನನ್ನ ಮಗಳು ಅಲ್ಲೇ ಕೂತಿದ್ದಾಳೆ, ನೋಡ್ರಿ. ದಿನಾ ನನ್ನನ್ನ ನೋಡ್ತಾ ಬೆಳೆದೋಳು. ಅವಳೇನು ಹಾಳಾದಳಾ? ಮನೆ ನೆಟ್ಟಗಿದ್ರೆ ಮಕ್ಕಳೂ ನೆಟ್ಟಗಿರ್ತಾರೆ."

ಐಶ್ವರ್ಯಾ ಎದ್ದಳು. ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ನಾಚಿಕೊಂಡಳು ಅಂತ ಜನ ನಕ್ಕರು. ಇವರೂ ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದಾಗ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. "ಅಪ್ಪಾ, ಟೆರೇಸಲ್ಲಿ ಸಿಕ್ಕಿದ್ದರಲ್ಲಿ ನನ್ನದೂ ಇದೆ" ಅಂದಳು.

ನಾನು ಕೈ ಎತ್ತಿಬಿಟ್ಟಿದ್ದೆ ಅಕ್ಕಾ. ಇವರು ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿ, ಪ್ಯಾಂಟು ಹಾಕಿಕೊಂಡೇ ಅವಳೆದುರು ಚಕ್ಕಳಮಕ್ಕಳ ಕೂತರು. ಕೂಗಾಡಲಿಲ್ಲ. "ಎಲ್ಲಿ ಸಿಕ್ತು?" ಅಂದರು.

"ಮೊದಲು ಕಾಲೇಜಲ್ಲಿ ಫ್ರೆಂಡ್ಸ್ ಕೊಟ್ಟರು. ಆಮೇಲೆ... ನಿಮ್ಮ ಕಪಾಟಿನದ್ದೇ."

"ಬಿಡೋಕೆ ನೋಡಿದ್ಯಾ?"

"ನೋಡಿದೆ ಅಪ್ಪಾ. ಆಗ್ತಿಲ್ಲ. ಕ್ಲಾಸಲ್ಲಿ ಕೂತರೆ ಅದೇ ಬೇಕು ಅನ್ಸುತ್ತೆ. ತಲೆ ಸಿಡಿಯುತ್ತೆ. ಸುಮ್‌ಸುಮ್ನೆ ಎಲ್ಲರ ಮೇಲೂ ಸಿಟ್ಟು ಬರುತ್ತೆ."

"ಗೊತ್ತು ಕಣವ್ವಾ" ಅಂದರು ಇವರು. "ಅದು ಹೆಂಗಿರುತ್ತೆ ಅಂತ ಈ ಮನೇಲಿ ನನಗೊಬ್ಬನಿಗೇ ಗೊತ್ತು."

ಅವಳು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಲಗುತ್ತಿದ್ದ ಹಾಗೆಯೇ. ನಾನು ಒಲೆಯ ಮೇಲಿನ ಹಾಲು ಉಕ್ಕುವುದನ್ನು ನೋಡುತ್ತ ನಿಂತಿದ್ದೆ, ಆರಿಸಬೇಕು ಅನ್ನುವುದೂ ಹೊಳೆಯಲಿಲ್ಲ.

ಸಂಜೆ ಇವರು ಕಪಾಟಿನಲ್ಲಿದ್ದ ಸೀಸೆ, ಸಾಧನ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಭದ್ರಮ್ಮನವರ ಬಾಗಿಲು ತಟ್ಟಿದರು. ನಾನೂ ಹೋಗಿದ್ದೆ. "ಮೇಡಂ, ನಿಮಗೆ ಮಕ್ಕಳ ವಿಷಯ ಗೊತ್ತು. ನಮ್ಮ ಹುಡುಗಿಗೆ ದಾರಿ ತೋರಿಸ್ರಿ" ಅಂದರು. ಅಷ್ಟು ಜನರ ಮುಂದೆ ಸೆಟೆದು ನಿಂತಿದ್ದ ಮನುಷ್ಯ, ಚಪ್ಪಲಿ ಬಿಟ್ಟು ಹೊಸ್ತಿಲಲ್ಲಿ ಕೈಕಟ್ಟಿ ನಿಂತಿದ್ದರು.

ಭದ್ರಮ್ಮ, "ನಾನು ಹೇಳಿರಲಿಲ್ಲವೇ" ಅನ್ನಬಹುದಿತ್ತು. ಅನ್ನಲಿಲ್ಲ. ಒಳಗೆ ಕರೆದು ಕೂರಿಸಿ, "ಬ್ಯಾನ್ ಆಗಲಿ ಅಂತ ನಾನು ವಾದಿಸಿದ್ದೇನೋ ಸರಿ. ಈಗಾಗಲೇ ಹತ್ತಿಕೊಂಡ ಮಗು ಮಾರನೇ ದಿನ ಏನು ಮಾಡಬೇಕು ಅಂತ ನಾನೂ ಯೋಚಿಸಿರಲಿಲ್ಲ ಈರೇಶ್" ಅಂದರು. ಮಾರನೇ ದಿನ ಅವರೇ ನಮ್ಮ ಜೊತೆ ಬಂದು, ಚಟ ಬಿಡಿಸುವ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು. ಐಶ್ವರ್ಯಾಳನ್ನು ಒಬ್ಬಳನ್ನೇ ಕೂರಿಸಿಕೊಂಡು ತುಂಬ ಹೊತ್ತು ಮಾತಾಡಿದಳು. ಹೊರಗೆ ಬಂದು ಇವರನ್ನು ಕೇಳಿದಳು, "ನೀವು?" ಇವರು, "ನಾನು ಬಿಡದೆ ಅವಳಿಗೆ ಬಿಡು ಅಂತ ಯಾವ ಬಾಯಲ್ಲಿ ಹೇಳ್ಲಿ? ನನ್ನ ಹೆಸರೂ ಬರಕೊಳ್ಳಿ" ಅಂದರು. ಇವರಿಗೆ ಅಗಿಯುವ ಗಮ್ ಕೊಟ್ಟರು. ಅದರಲ್ಲೂ ನಿಕೋಟಿನ್ನೇ ಇರುತ್ತದಂತೆ, ಅಳತೆ ಪ್ರಕಾರ ಇಳಿಸುತ್ತ ಬರಬೇಕಂತೆ. "ನೋಡಿದ್ಯಾ, ನಾನು ಹೇಳಿದ್ದೂ ಇದನ್ನೇ" ಅಂತ ದಾರಿಯುದ್ದಕ್ಕೂ ಗೊಣಗಿದರು.

ಆಮೇಲಿನ ದಿನಗಳನ್ನು ಏನಂತ ಬರೆಯಲಿ? ಸಾರಿಗೆ ಉಪ್ಪು ಹೆಚ್ಚಾಯಿತೆಂದು ಇವರು ತಟ್ಟೆ ದೂಡಿದರು. ಅವಳು ಬಾಗಿಲು ಬಡಿದುಕೊಂಡಳು. ನನ್ನನ್ನು ಇಬ್ಬರೂ ಸೇರಿ ಬೈದರು. ಬೆಳಿಗ್ಗೆ ಮಾತ್ರ ಇಬ್ಬರೂ ಸ್ವೆಟರ್ ಹಾಕಿಕೊಂಡು ಮೆಟ್ರೊ ಸ್ಟೇಷನ್ನಿನವರೆಗೆ ನಡೆದುಬರುತ್ತಾರೆ. ಬರುವಾಗ ಕೈಯಲ್ಲಿ ಅವರೆಕಾಯಿಯೋ, ಮೆಂತ್ಯ ಸೊಪ್ಪೋ ಇರುತ್ತದೆ. ಒಂದು ದಿನ ಇವರು ಫ್ಯಾಕ್ಟರಿಯಿಂದ ಬಂದವರೇ ಕೈಕಾಲು ತೊಳೆಯದೆ ಅವಳ ರೂಮಿಗೆ ಹೋಗಿ, "ಇವತ್ತು ಗೇಟಿನ ಹತ್ರ ಒಂದು ಸಿಗರೇಟು ಸೇದಿಬಿಟ್ಟೆ ಕಣವ್ವಾ" ಅಂದರು. ನಾನು ಬಾಗಿಲಾಚೆ ನಿಂತು ಕೇಳುತ್ತಿದ್ದೆ. ಅವಳು ಪುಸ್ತಕದಿಂದ ತಲೆಯೆತ್ತಿ, "ಹೋಗ್ಲಿ ಬಿಡಿ ಅಪ್ಪಾ. ಮೊನ್ನೆ ನಾನೂ ಫ್ರೆಂಡ್ ಹತ್ರ ಇಸ್ಕೊಂಡು ಒಂದು ಸಲ ಎಳೆದೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ. ನಾಳೆ ಬೆಳಿಗ್ಗೆ ಇನ್ನೂ ಸ್ವಲ್ಪ ದೂರ ನಡೆಯೋಣ" ಅಂದಳು. ಆಮೇಲೆ ಇಬ್ಬರೂ ಮುಟ್ಟಿಲ್ಲ. ಅವಳ ಮುಖದಲ್ಲಿ ಮೊದಲಿನ ಕಳೆ ಬರುತ್ತಿದೆ.

ವಾದ ಮಾತ್ರ ಮುಗಿದಿಲ್ಲ. ಈ ವಾರ ಲೋಕಸಭೆಯಲ್ಲಿ ಆ ಮಸೂದೆ ಪಾಸಾಯಿತು. ಐಶ್ವರ್ಯಾ, "ಸರಿಯಾಯ್ತು, ಮೊದಲೇ ಆಗಿದ್ರೆ ನನ್ನ ಕೈಗೆ ಸಿಕ್ತಾನೇ ಇರಲಿಲ್ಲ" ಅಂದಳು. ಇವರು, "ಮೊದಲೇ ಆಗಿದ್ರೆ ನಾನು ಇನ್ನೂ ಸಿಗರೇಟಲ್ಲೇ ಇರ್ತಿದ್ದೆ" ಅಂದರು. ಯಾರದು ಸರಿ ಅಂತ ನನ್ನನ್ನು ಕೇಳಿದರು. ನನಗೆ ಇಬ್ಬರೂ ಸರಿ ಅನ್ನಿಸಿತು. ರೊಟ್ಟಿ ಆರುತ್ತೆ, ಉಣ್ಣಿ ಅಂದೆ.

ಭಾವನವರಿಗೆ ನಮ್ಮ ನಮಸ್ಕಾರ ತಿಳಿಸು. ನಿನ್ನ ಮೊಮ್ಮಗನಿಗೆ ಈ ಸಣ್ಣಜ್ಜಿಯ ಮುದ್ದು, ಅವನು ನೂರು ವರ್ಷ ನಗುನಗುತ್ತ ಬಾಳಲಿ. ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ನಮ್ಮ ಮೂವರ ತಲೆಯ ಮೇಲೂ ನಿನ್ನ ಕೈಯಿರಲಿ.

ನಿನ್ನ ಮುದ್ದಿನ ತಂಗಿ,
ಶೈಲಶ್ರೀ

ಮರೆತದ್ದು: ಮರೆತಿರಲಿಲ್ಲ ಅಕ್ಕಾ, ಮೇಲೆ ಬರೆಯುವುದಕ್ಕೆ ಕೈ ಬರಲಿಲ್ಲ. ಆ ಆಸ್ಪತ್ರೆಯಲ್ಲಿ ಇವರ ಕೆಮ್ಮು ಕೇಳಿ ಡಾಕ್ಟರಮ್ಮ ಎಕ್ಸ್‌ರೇಗೆ ಬರೆದಿದ್ದಳು. ಆಮೇಲೆ ಸ್ಕ್ಯಾನ್ ಆಯಿತು, ಗಂಟಿನ ಚೂರು ತೆಗೆದು ಪರೀಕ್ಷೆಗೂ ಕಳಿಸಿದರು. ಬಲಗಡೆಯ ಶ್ವಾಸಕೋಶದಲ್ಲಿ ಕ್ಯಾನ್ಸರ್. ಇಷ್ಟು ವರ್ಷದ ಸಿಗರೇಟಿನದು ಅನ್ನುತ್ತಾರೆ. ವೇಪಿನದೂ ಪಾಲಿದೆಯೇ ಅಂದರೆ ಹೇಳಲಾಗದು ಅಂದರು. ಈ ತಿಂಗಳ ಕೊನೆಗೆ ಔಷಧಿ ಶುರು ಮಾಡುತ್ತಾರೆ. ಐಶ್ವರ್ಯಾಗೆ ಇನ್ನೂ ಹೇಳಿಲ್ಲ. ಇವರೇ ಬೇಡ ಅಂದಿದ್ದಾರೆ. "ಬಿಟ್ಟೂ ಅಪ್ಪನಿಗೆ ಹಿಂಗಾಯ್ತು ಅಂದ್ರೆ, ತಾನ್ಯಾಕೆ ಬಿಡಬೇಕು ಅನ್ಸುತ್ತೆ ಮಗುವಿಗೆ. ಇನ್ನೊಂದಿಷ್ಟು ದಿನ ನಡೀಲಿ, ಅವಳದು ಗಟ್ಟಿಯಾಗ್ಲಿ. ಆಮೇಲೆ ನಾನೇ ಹೇಳ್ತೀನಿ" ಅನ್ನುತ್ತಾರೆ. ಏದುಸಿರು ಬಿಡುತ್ತಲೇ ಅವಳ ಜೊತೆ ನಡೆದುಬಂದು, ಚಳಿಗೆ ಹೀಗಾಯಿತು ಅಂತ ಅವಳಿಗೆ ಹೇಳಿ ಬಚ್ಚಲಿಗೆ ಹೋಗಿ ಕೆಮ್ಮುತ್ತಾರೆ. ನಾನು ಜೋರಾಗಿ ಮಿಕ್ಸಿ ಹಾಕುತ್ತೇನೆ.

ಉತ್ತರ ಬರೆಯಬೇಡ, ನಿನ್ನ ಕಾಗದವನ್ನು ಅವಳೇ ಮೊದಲು ಒಡೆದು ಓದುತ್ತಾಳೆ. ನೀನೇ ಬಂದುಬಿಡು ಅಕ್ಕಾ. ಯಾಕೆ ಬಂದೆ ದೊಡ್ಡಮ್ಮಾ ಅಂತ ಕೇಳಿದರೆ, ಸುಮ್ಮನೆ ಬಂದೆ ಅನ್ನು.