ರಾಕ್ಷಸನ ಕೊನೆಯ ಮಾತು

ಅಮರೇಶ,

ನಮ್ಮ ಹಳೇ ಕಾಲದ ಧಾಟಿಯ ಶೂಟಿಂಗ್ ಗೇಮ್ ಹೋದ ವಾರ ಬಿಡುಗಡೆಯಾಯ್ತು ಕಣೋ. ದಪ್ಪ ಚೌಕಗಳ ರಾಕ್ಷಸರು, ಪೀಣ್ಯದ ಶೆಡ್ಡುಗಳು ಜನಕ್ಕೆ ಹಿಡಿಸಿವೆ. ರೂಮಿನಲ್ಲಿ ರಗ್ಗು ಹೊದ್ದುಕೊಂಡು, ಮೈಕಿನ ಮುಂದೆ ರಾಕ್ಷಸರ ಸಾವಿಗೆಲ್ಲ ನೀನೇ ಅರಚಿದ್ದೆಯಲ್ಲ? ಒಂದು ಅರಚಾಟದ ಕೊನೆಯಲ್ಲಿ "ಸಾಕೇನೋ ಮಗಾ?" ಅಂತ ನನ್ನನ್ನು ಕೇಳಿದ್ದೂ ಗೇಮಿನಲ್ಲಿ ಹಾಗೇ ಉಳಿದುಬಿಟ್ಟಿದೆ. ಆಡುವವರು ಬಿದ್ದು ಬಿದ್ದು ನಗ್ತಿದ್ದಾರೆ.

"ನಗಲಿ ಬಿಡೋ, ಆದ್ರೆ ಅದು ನಮ್ಮ ತಪ್ಪು. ಆ ಮಾತನ್ನ ಇವತ್ತೇ ಕತ್ತರಿಸು" ಅಂದಳು ನಮ್ಮ ಟೀಮಿನ ಕಾವ್ಯಾ.

ಕತ್ತರಿಸೋಕೆ ಕೂತೆ. ನೀನು ತೀರಿಹೋದಮೇಲೆ, ಗೇಮಿನ ಗದ್ದಲವಿಲ್ಲದೆ ನಿನ್ನ ದನಿ ಕೇಳಿದ್ದು ಇದೇ ಮೊದಲು. ಆ ಅರಚಾಟ, ಆಸ್ಪತ್ರೆಯಲ್ಲಿ ನೀನು ನೋವಿಗೆ ಅರಚಿದ ಹಾಗೇ ಇತ್ತು. ಎದ್ದು ಹೊಸೂರು ರಸ್ತೆಯವರೆಗೂ ನಡೆದೆ, ಮತ್ತೆ ಬಂದೆ, ಮತ್ತೆ ಎದ್ದೆ. ಕೊನೆಗೆ ಅರಚಾಟವನ್ನೇ ಕತ್ತರಿಸಿ, ನಿನ್ನ ಮಾತನ್ನು ಉಳಿಸಿದೆ.

ಕಾವ್ಯಾಗೆ ಇನ್ನೂ ಹೇಳಿಲ್ಲ.