ಮಗ್ಗದ ಕುಣಿಯಲ್ಲಿ ಬಚ್ಚಿಟ್ಟ ಕೂಸು

ಗುಳೇದಗುಡ್ಡ, 14 ಆಗಸ್ಟ್ 2003, ಗುರುವಾರ

ಕೂಸಿನ ಮೈ ಇನ್ನೂ ಸುಡುತ್ತಿದೆ. ಅತ್ತೆ ನನ್ನ ಮುಖ ನೋಡುತ್ತಿಲ್ಲ. ನೋಡದಿದ್ದರೆ ಬಿಡಲಿ.

ಹೋದ ತಿಂಗಳು ಲಸಿಕೆಯ ಮೊದಲ ಸೂಜಿಗೆ ಕೂಸಿಗೆ ಜ್ವರ ಬಂದಿತ್ತು. ಅದಕ್ಕೇ ಇವತ್ತಿನ ನಾಟಕ. ಎರಡನೆಯ ಸೂಜಿ ಹಾಕಲು ನರ್ಸಬಾಯಿ ಬಂದಾಗ ಅತ್ತೆ ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು, "ಕೂಸು ಮನ್ಯಾಗಿಲ್ರಿ, ಇಳಕಲ್ಲಿಗೆ ಕಳಿಸೇವಿ" ಅಂದರು. ಕೂಸು ಅವರ ಕಾಲ ಬಳಿಯೇ, ಕುಣಿಯೊಳಗೆ, ಕೌದಿಯ ಮೇಲೆ ಮಲಗಿತ್ತು. ನಾನು ಕೈ ಹಾಕಿ ಎತ್ತಿಕೊಂಡೆ.

"ಆರಾಮಿದ್ದ ಕೂಸಿಗೆ ಜಡ್ಡು ಹಚ್ತೀಯೇನ ನೀ?" ಅತ್ತೆ ಸಿಡುಕಿದರು.

ನನಗೂ ರೇಗಿತು. "ಅತ್ತಿ, ನಿಮ್ಮ ತೋಳಿನ ಮ್ಯಾಲ ಆ ಕಲೆ ಯಾವುದ್ರಿ? ಸಣ್ಣಾಕಿ ಇದ್ದಾಗ ಸಿಡುಬು ಬರಬಾರದಂತ ದೇವಿ ಹಾಕಿದ್ದಲ್ಲೇನ್ರಿ? ಅವತ್ತ ನಿಮಗೂ ಜ್ವರ ಬಂದಿತ್ತು. ಆದ್ರ ಉಳದ್ರಿ. ನಿಮ್ಮ ಅಣ್ಣನ್ನ ಎಲ್ಲಿ ಬಚ್ಚಿಟ್ಟಿದ್ರು?"

ದೇವಿ ಹಾಕುವವರು ಬಂದಾಗ ಅತ್ತೆಯ ಅಣ್ಣನನ್ನು ಇಂಥದೇ ಕುಣಿಯಲ್ಲಿ ಬಚ್ಚಿಟ್ಟಿದ್ದರು; ಮರುವರ್ಷ ಸಿಡುಬು ಅವನ ಎರಡೂ ಕಣ್ಣು ಕಿತ್ತುಕೊಂಡಿತು. ಆ ಕಥೆ ನನಗೆ ಹೇಳಿದವರು ಅವರೇ.

ನರ್ಸಬಾಯಿ ಸೂಜಿ ಹಾಕುತ್ತಾ ಅಂದಳು: "ಇದರಾಗ ಇರೂದು ಜಡ್ಡಿನ ಸತ್ತ ಹುಳಾ. ಅದನ್ನ ನೋಡಿ ಮೈ ಹೊಡ್ಯೂದು ಕಲೀತೈತಿ. ಮುಂದ ಖರೆ ಜಡ್ಡು ಬಂದ್ರ ಗುರ್ತ ಹಿಡೀತೈತಿ."

ಖರೆ. ಹೊಸದಾಗಿ ಮಗ್ಗಕ್ಕೆ ಕೂತಾಗ ನನಗೂ ಸೊಂಟ ಮುರಿದಂತಾಗಿತ್ತು. ಈಗ ರವಿಕೆಯ ಖಣದ ಹೂವು ಕಣ್ಣು ಮುಚ್ಚಿಯೂ ನೇಯುತ್ತೇನೆ. ಕೂಸಿನ ಮೈಯೂ ಕಲಿಯುತ್ತಿದೆ, ಅಷ್ಟೇ.

ಇದೀಗ ಅತ್ತೆ ಎದ್ದು ಬಂದು ಕೂಸಿನ ಹಣೆಗೆ ಒದ್ದೆ ಬಟ್ಟೆ ಹಾಕಿ ಹೋದರು.

ಜ್ವರವೇ, ಬಂದಿದ್ದೀಯ, ಕಲಿಸುವುದನ್ನು ಕಲಿಸಿ ಹೋಗು. ಮೂರನೆಯ ಸೂಜಿಗೆ ನಿನ್ನನ್ನು ನಾನೇ ಮತ್ತೆ ಕರೆಸುತ್ತೇನೆ. ನರ್ಸಬಾಯಿ ಬರುವ ಆ ಗುರುವಾರ ಮಗ್ಗದ ಕುಣಿಯಲ್ಲಿ ನಾನು ಕೂತಿರುತ್ತೇನೆ; ಕೂಸನ್ನು ಬಚ್ಚಿಡಲು ಅಲ್ಲಿ ಜಾಗ ಇರುವುದಿಲ್ಲ.